ಹೊಳೆಯ ಮೇಲೆ ಹಾವ್ ಹಾವ್

ಚೀನಾಕ್ಕೆ ಹೋದಾಗ ನಾನೂ ನನ್ನ ಗಂಡನೂ ಟೂ ಬಿಟ್ಟಿದ್ದೆವು. ಐವತ್ತು ದಾಟಿದವರು ಟೂ ಬಿಡುವುದುಂಟೇ ಎಂದು ಕೇಳಬೇಡಿ. ಮಕ್ಕಳು ಬಿಟ್ಟರೆ ಸಂಜೆಯೊಳಗೆ ಸೇ ಆಗಿಬಿಡುತ್ತದೆ. ನಮ್ಮದು ದುಬೈನಲ್ಲಿ ವಿಮಾನ ಹತ್ತುವ ಮೊದಲೇ ಶುರುವಾಗಿ, ದಕ್ಷಿಣ ಚೀನಾದ ಲೀ ನದಿಯ ಸೀಮೆಗೆ ಬಂದರೂ ಇಳಿದಿರಲಿಲ್ಲ.

ಜಗಳ ಮನೆಯದು. ದುಬೈನ ಕರಾಮದಲ್ಲಿ ನಮ್ಮ ಹಳೆಯ ಫ್ಲ್ಯಾಟು ಮೂರನೆಯ ಮಹಡಿಯಲ್ಲಿತ್ತು. ಕೆಳಗಿಳಿದರೆ ಇಡ್ಲಿ ಹೋಟೆಲು, ಪಕ್ಕದಲ್ಲಿ ಕರಿಬೇವನ್ನು ಕೊಸರು ಹಾಕುವ ತರಕಾರಿಯವನು, ಎದುರಿಗೆ ನನ್ನ ರವಿಕೆಯ ಅಳತೆ ಬಾಯಿಪಾಠವಾಗಿದ್ದ ಟೈಲರು. ಮದುವೆಯಾದ ಹೊಸದರಲ್ಲಿ ಮೈಸೂರಿನಿಂದ ಬಂದು ಇಳಿದ ಮನೆ ಅದು. ಅಂಥದ್ದರಲ್ಲಿ ಒಂದು ದಿನ ಇವರು ಕಾಫಿ ಕುಡಿಯುತ್ತಾ, “ಇದನ್ನು ಬಿಟ್ಟು ಅಲ್ ಬರ್ಷಾಗೆ ಹೋಗೋಣ ಕಣೇ” ಎಂದರು. ಹೊಸ ಬಿಲ್ಡಿಂಗಂತೆ, ಮೆಟ್ರೋ ಹತ್ತಿರವಂತೆ, ಮಾಲ್ ಹತ್ತಿರವಂತೆ. ನಾನು ಒಂದಕ್ಕೂ ಜಗ್ಗದಿದ್ದಾಗ, “ಈಜುಕೊಳಾನೂ ಇದೆ” ಎಂದರು.

“ಈಜುಕೊಳ ಇಟ್ಕೊಂಡು ಏನ್ಮಾಡ್ತೀರಿ? ನಿಮಗೆ ಸ್ನಾನದ ಬಕೆಟ್ಟೇ ಆಳ!”

ಅಲ್ಲಿಗೆ ಖಲಾಸ್. ಮಾತು ನಿಂತಿತು. ಮನೆ ಉಳಿಸಿಕೊಳ್ಳುತ್ತೀರೋ ಬಿಡುತ್ತೀರೋ ಎಂದು ಏಜೆಂಟಿಗೆ ತಿಳಿಸಬೇಕಾದ ಕೊನೆಯ ದಿನ ಪ್ರವಾಸದ ನಡುವೆಯೇ ಬರುತ್ತಿತ್ತು. ನಾನು ಹೂಂ ಅನ್ನದೆ ಇವರು ಮನೆ ಬಿಡುವವರಲ್ಲ, ನಾನು ಹೂಂ ಅನ್ನುವವಳಲ್ಲ. ಗೆಲುವು ನನ್ನದೇ ಎಂದು ನಾನು ಸೂಟ್‌ಕೇಸು ತುಂಬಿದ್ದೆ.

ದುಬೈ, ಅಬುಧಾಬಿಯ ಕನ್ನಡದವರೇ ಸೇರಿ ಹೊರಟ ಗುಂಪು ನಮ್ಮದು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಿಂದ ಬಂದಿದ್ದ ಮಂಗಳೂರಿನ ಅಕ್ಕ ಒಬ್ಬರು ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನವರು. ಪಾಪ, ನಮ್ಮಿಬ್ಬರ ಟಪಾಲು ಹೊರುವ ಕೆಲಸ ಅವರ ತಲೆಗೇ ಬಿತ್ತು. “ಅಕ್ಕಾ, ಇವರಿಗೆ ಹೇಳಿ, ಬಿಪಿ ಮಾತ್ರೆ ತಗೊಳ್ಳಲಿ” ಎಂದು ನಾನು. “ತಗೊಂಡಾಯ್ತು ಅಂತ ಹೇಳಿ ಅಕ್ಕಾ” ಎಂದು ಇವರು.

“ನಿಮ್ಮದೆಂತ ಮಾರಾಯ್ರೆ! ತೊಡೆಗೆ ತೊಡೆ ತಾಗಿಸಿ ಕೂತುಕೊಂಡು ನನ್ನ ಹತ್ರ ಸುದ್ದಿ ಹೇಳಿಸುದಾ?” ಎಂದು ಬೈದ ಅಕ್ಕ, ಕಿಟಕಿಯಾಚೆ ನೋಡಿ ಆ ಕ್ಷಣವೇ ನಮ್ಮನ್ನು ಮರೆತರು. “ಅಯ್ಯಬ್ಬ! ಗುಡ್ಡ ನೋಡಿ, ಮೂಡೆ ನಿಲ್ಲಿಸಿಟ್ಟ ಹಾಗೆ ಉಂಟು!”

ಹೌದು, ಕೇದಗೆ ಎಲೆಯಲ್ಲಿ ಬೇಯಿಸುವ ಉದ್ದನೆಯ ಇಡ್ಲಿಯಂತೆಯೇ ಇದ್ದವು. ಸಾಲುಸಾಲಾಗಿ ಒಂಟಿ ಒಂಟಿ ಹಸಿರು ಗುಡ್ಡಗಳು, ಅವುಗಳ ಕಾಲಡಿಯಲ್ಲಿ ಹೊಳೆ, ಹೊಳೆಯ ಮೇಲೆ ಬಿದಿರಿನ ತೆಪ್ಪಗಳು. ಮರಳು ನೋಡಿ ನೋಡಿ ಒಣಗಿದ ಕಣ್ಣಿಗೆ ಆ ಹಸಿರು ತಲೆಗೇರಿತು. ಇಡೀ ಬಸ್ಸು “ಯಲ್ಲಾ ಯಲ್ಲಾ”, ನಡೀರಿ ನಡೀರಿ ಎಂದು ಚೀನಾದ ಗೈಡನ್ನೇ ಹಿಂದೆ ಹಾಕಿ ದಡಕ್ಕೆ ಓಡಿತು. ಊಟದ ಹೊತ್ತಿಗೆ ಬಸ್ಸಿಗೆ ವಾಪಸು, ಅಷ್ಟರೊಳಗೆ ತೆಪ್ಪದ ಸವಾರಿ.

ತೆಪ್ಪಕ್ಕೆ ಇಬ್ಬರೇ. ಗೈಡ್ ನಮ್ಮಿಬ್ಬರನ್ನು ಜೋಡಿ ಮಾಡಿ, ಕಿತ್ತಳೆ ಜಾಕೆಟ್ಟು ತೊಡಿಸಿ, ಬಿದಿರಿನ ಕುರ್ಚಿಯಲ್ಲಿ ಕೂರಿಸಿದ. ಹಿಂದೆ ಉದ್ದ ಬಿದಿರುಕೋಲು ಹಿಡಿದ ಅಂಬಿಗ. ಟಪಾಲಿನ ಅಕ್ಕ ಬೇರೆ ತೆಪ್ಪದಲ್ಲಿ. ಹೊಳೆ ಎಷ್ಟು ಚೆಂದವಿತ್ತೆಂದರೆ “ಅಲ್ನೋಡ್ರೀ” ಎನ್ನಲು ನನ್ನ ನಾಲಗೆ ತುರಿಸುತ್ತಿತ್ತು. ಬಿಗಿಹಿಡಿದು ಕೂತೆ. ಇವರು ಗುಡ್ಡಗಳನ್ನು ನೋಡುವ ನೆಪದಲ್ಲಿ ನನ್ನತ್ತ ಬೆನ್ನು ಮಾಡಿದ್ದರು.

ಅಷ್ಟರಲ್ಲಿ ಮುಂದೆ ನೀರು ಧುಮುಕುವ ಸದ್ದು ಕೇಳಿತು. ಅಂಬಿಗ ಕೋಲೆತ್ತಿ ನಮ್ಮ ಕಾಲುಗಳನ್ನು ತೋರಿಸಿದ, ನೀರನ್ನು ತೋರಿಸಿದ, ಕಾಲೆತ್ತಿ ಎಂದು ಕೈಸನ್ನೆ ಮಾಡಿದ. ನಾನು ಒಂದಿಷ್ಟು ಎತ್ತಿದ್ದೇ ತಡ, ಹಿಗ್ಗಿನಿಂದ ಕೂಗಿದ:

“ಹಾವ್! ಹಾವ್! ಹಾವ್!”

“ಹಾವಂತೆ ಕಣೇ!” ಎಂದು ಕಿರುಚಿ ಇವರು ನನ್ನ ಕುತ್ತಿಗೆಗೆ ಜೋತುಬಿದ್ದರು. ಅಷ್ಟು ದಿನದ ಟೂ ಒಡೆದ ಮೊದಲ ಮಾತು ಅದು.

“ಎಲ್ರೀ? ಎಲ್ಲಿ?”

“ಕಾಲಡೀಲಿ! ಎತ್ತೇ ಕಾಲು!”

ನಾನು ಕುರ್ಚಿಯ ಮೇಲೆ ಪದ್ಮಾಸನವೇ ಹಾಕಿದೆ. ಪರದೇಶದವರನ್ನು ಕಂಡರೆ ಅರಬ್ಬಿಯಲ್ಲೇ ಮಾತಾಡುವ ದುಬೈ ಚಾಳಿ ಇವರದು. ಚೀನಾದ ಆ ಅಂಬಿಗನಿಗೆ ಅಂಗಲಾಚುತ್ತಾ, “ಮಾಫಿ ಹಾವ್? ರಫೀಕ್, ಹಾವ್ ಮಾಫಿ?” ಎಂದರು, ಹಾವಿಲ್ಲ ತಾನೇ ಗೆಳೆಯಾ ಎಂದು.

ಗಿರಾಕಿ ತನ್ನ ಭಾಷೆ ಆಡಿದನಲ್ಲ ಎಂದು ಅಂಬಿಗನಿಗೆ ಖುಷಿಯೋ ಖುಷಿ. “ಹಾವ್! ಹಾವ್! ಹಾವ್!” ಎಂದ ಮತ್ತೂ ಜೋರಾಗಿ. ಅದೇ ಹೊತ್ತಿಗೆ ತೆಪ್ಪ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಕಟ್ಟೆಯೊಂದರ ಮೇಲಿಂದ ಜಾರಿ ಬಿತ್ತು. ನೀರು ಕಾಲಮೇಲೆ ರಪ್ಪನೆ ಹರಿಯಿತು.

ಹಿಂದಿನ ತೆಪ್ಪದಿಂದ ಅಕ್ಕ ಹೊಟ್ಟೆ ಹಿಡಿದುಕೊಂಡು ಕೂಗಿದರು: “ಹಾವೂ ಇಲ್ಲ ಎಂತದೂ ಇಲ್ಲ ಮಾರಾಯ್ರೆ! ಹಾವ್ ಅಂದ್ರೆ ಇವರ ಭಾಷೆಯಲ್ಲಿ ಒಳ್ಳೆದು ಅಂತ! ಬೆಳಿಗ್ಗೆ ಗೈಡ್ ಹೇಳಿದ್ದಲ್ವಾ?”

ಬೆಳಿಗ್ಗೆ ನಾವು ಮುಖ ಊದಿಸಿಕೊಳ್ಳುವುದರಲ್ಲೇ ಮುಳುಗಿದ್ದೆವು, ಗೈಡ್ ಹೇಳಿದ್ದು ಯಾರಿಗೆ ಕೇಳಬೇಕು? ನನಗೆ ನಗು ಒತ್ತರಿಸಿ ಬಂತು. ಇವರಿಗೂ ಬಂತು. ಜಾಕೆಟ್ಟು ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಅಂಬಿಗನೂ ಸೇರಿಕೊಂಡ. ಆ ನಗುವಿನ ನಡುವೆಯೇ ನನ್ನ ಕಣ್ಣು ಕೆಳಗೆ ಹೋಯಿತು. ಇವರ ಬಲಗಾಲು ಕುರ್ಚಿಯ ಮೇಲಿತ್ತು. ಎಡಗಾಲು ಮಾತ್ರ ಇಟ್ಟಲ್ಲೇ ಇತ್ತು, ಷೂ ತುಂಬಾ ನೀರು. ಹಾವೆಂದರೆ ಟಿವಿಯ ಚಾನಲ್ ಬದಲಿಸುವ ಮನುಷ್ಯ ಇವರು. ಅಂಥವರು ಹಾವಿನ ಬಾಯಿಗೆ ಒಂದು ಕಾಲು ಬಿಟ್ಟು ಕೂತಿದ್ದರು.

“ಆ ಕಾಲ್ಯಾಕ್ರೀ ಏಳಲಿಲ್ಲ?”

“ಏಳುತ್ತೆ. ಸ್ವಲ್ಪ ಲೇಟು.”

“ಯಾವಾಗಿಂದ?”

“ಬ್ಯಾಡ್ಮಿಂಟನ್ ಬಿಟ್ಟಾಗಿಂದ.”

ಕೋರ್ಟು ರಿಪೇರಿಯಲ್ಲಿದೆ ಎಂದು ನನಗೆ ಹೇಳಿದ್ದರು. ನನಗೆ ಒಂದೊಂದಾಗಿ ಎಲ್ಲವೂ ಹೊಳೆಯತೊಡಗಿತು. ದಿನಾ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು, “ನೀನು ನಡಿ, ನನಗೊಂದು ಫೋನ್ ಮಾಡೋದಿದೆ” ಎನ್ನುತ್ತಿದ್ದರು. ಮಹಡಿಗೊಂದು ಫೋನು. ಅದೆಂಥ ಆಫೀಸಪ್ಪಾ, ಮನೆ ಮುಟ್ಟುವವರೆಗೂ ಬಿಡುವುದಿಲ್ಲ ಎಂದು ನಾನು ಮೇಲೆ ನಿಂತು ಗೊಣಗುತ್ತಿದ್ದೆ. ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ. ಮೆಟ್ರೋ, ಮಾಲ್, ಈಜುಕೊಳ ಎಲ್ಲ ಹೇಳಿದ ಮನುಷ್ಯ ಲಿಫ್ಟ್ ಎಂಬ ಮಾತು ಎತ್ತಿರಲೇ ಇಲ್ಲ.

“ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಮುದುಕ ಆದೆ ಅಂತ ನಿನ್ನ ಹತ್ರ ಅನ್ನಿಸ್ಕೊಳ್ಳೋದಕ್ಕಿಂತ ಈಜುಕೊಳ ವಾಸಿ ಅನ್ನಿಸ್ತು.”

ಮತ್ತೆ ನಗು ಬಂತು. ಕರಿಬೇವಿನವನು, ಟೈಲರು, ಇಡ್ಲಿಯ ಹಬೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

“ಬರ್ಷಾದ ಆ ಬಿಲ್ಡಿಂಗಲ್ಲಿ ಲಿಫ್ಟ್ ಇದೆಯೇನ್ರೀ?”

“ಎರಡಿವೆ. ಒಂದು ಕೆಟ್ಟರೆ ಇರಲಿ ಅಂತ.”

ಮುಂದೆ ಇನ್ನೊಂದು ಕಟ್ಟೆಯ ಸದ್ದು ಕೇಳಿತು. ಅಂಬಿಗ ಕಾಲು ತೋರಿಸಿದ. ನಾನು ಬಗ್ಗಿ, ಇವರ ಎಡಗಾಲನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಒದ್ದೆ ಷೂ ಸಮೇತ ನನ್ನ ತೊಡೆಯ ಮೇಲಿಟ್ಟುಕೊಂಡೆ.

“ಏಜೆಂಟಿಗೆ ಏನು ಹೇಳಲಿ?” ಎಂದರು.

“ಹಾವ್ ಅನ್ನಿ,” ಎಂದೆ.