ಉಚ್ಚಂಗಮ್ಮ ತೊಳೆದ ಎಕ್ಸ್‌ರೇಗಳು

ಬೆಳಗಿನ ಆರೂಕಾಲು. ದೇವನೂರಿನ ಅಂಜಿನಪ್ಪ ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು ಜಗಲಿಗೆ ಬಂದಿದ್ದಾರೆ. ಉಚ್ಚಂಗಮ್ಮ ಹಳೆಯ ಎಕ್ಸ್‌ರೇ ಫಿಲಂ ಒಂದನ್ನು ಆಗಷ್ಟೇ ಹುಟ್ಟಿದ ಸೂರ್ಯನಿಗೆ ಎತ್ತಿ ಹಿಡಿದಿದ್ದಾರೆ. ಇಪ್ಪತ್ತಾರು ವರ್ಷದ ಹಿಂದಿನ ಅಂಜಿನಪ್ಪನವರದೇ ಮಂಡಿ ಅದು. ಅವರಿಗೋ ಮದುವೆ ಫೋಟೋ ಸಿಕ್ಕಷ್ಟು ಸಡಗರ, ಸೊಸೆಯನ್ನೂ ಕರೆದು ತೋರಿಸುತ್ತಾರೆ.

"ಆಗ ದಿನಕ್ಕೆ ಮೂವತ್ತು ತೆಂಗಿನಮರ ಹತ್ತಿ ಇಳೀತಿದ್ದೆ ಕಣಕ್ಕಾ. ಈಗ ಬಸ್ಸಿನ ಮೆಟ್ಲು ಹತ್ತೋಕೂ ಯಾರಾದ್ರೂ ಕೈ ಕೊಡ್ಬೇಕು."

ಉಚ್ಚಂಗಮ್ಮ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ ಹೇಳಿ ಸಹಿ ಹಾಕಿಸುತ್ತಾರೆ. ಇದು ನೂರ ತೊಂಬತ್ತೊಂಬತ್ತನೆಯದು. ಬೇಕಿರುವುದು ಇನ್ನೂರು.

ಅರವತ್ತಮೂರರ ಈಕೆ ತರೀಕೆರೆಯ ಖಾಸಗಿ ಎಕ್ಸ್‌ರೇ ಕೇಂದ್ರವೊಂದಕ್ಕೆ ಕಸ ಗುಡಿಸಲು ಸೇರಿದವರು. ಆಗ ಗಂಡ ತೀರಿಕೊಂಡು ಆರು ತಿಂಗಳಾಗಿತ್ತು, ಓದು ಏಳನೇ ಕ್ಲಾಸು. ಕತ್ತಲೆ ಕೋಣೆಯ ಕೆಲಸದವರು ಬಾರದ ಒಂದು ದಿನ ಡಾಕ್ಟರು ಇವರನ್ನೇ ಒಳಗೆ ಕಳಿಸಿದರು. ಇಪ್ಪತ್ತೆಂಟು ವರ್ಷ ಅಲ್ಲೇ ಉಳಿದರು. ಕೆಂಪು ಬಲ್ಬಿನ ಮಬ್ಬಿನಲ್ಲಿ ದಿನಕ್ಕೆ ನಲವತ್ತು ಫಿಲಂ ದ್ರಾವಣದಲ್ಲಿ ಅದ್ದಿ, ತೊಳೆದು, ತಂತಿಗೆ ನೇತುಹಾಕುವುದು. ಬೆರಳು ಬಿರಿಯುತ್ತಿತ್ತು, ಉಣ್ಣುವ ಮುದ್ದೆಗೂ ಆ ಹುಳಿ ವಾಸನೆ ಹತ್ತುತ್ತಿತ್ತು. ಅದೇ ವಾಸನೆ ನೆನೆದು ಈಗ ಕಣ್ಣು ತುಂಬಿಕೊಳ್ಳುತ್ತಾರೆ.

"ಬಿಳೀ ಮೂಳೆ ಮೆಲ್ಲಗೆ ಮೂಡ್ತಿತ್ತು ನೋಡಿ, ಆ ಹೊತ್ತಲ್ಲಿ ನನ್ ಕಷ್ಟ ಒಂದೂ ನೆನಪಾಗ್ತಿರ್ಲಿಲ್ಲ."

ಕಂಪ್ಯೂಟರ್ ಯಂತ್ರ ಬಂತು, ಕತ್ತಲೆ ಕೋಣೆಗೆ ಬೀಗ ಬಿತ್ತು. ಯಾರೂ ಒಯ್ಯದೆ ಉಳಿದ ಫಿಲಂಗಳನ್ನು ಉಚ್ಚಂಗಮ್ಮ ಡಾಕ್ಟರನ್ನು ಕೇಳಿಕೊಂಡೇ ತಂದು ಮನೆಯ ಅಟ್ಟದಲ್ಲಿಟ್ಟರು. ಒಂದೊಂದು ಕವರಿನ ಮೇಲೂ ಹೆಸರಿನ ಜೊತೆಗೆ ಊರು, ಕಸುಬು, ಯಾವ ಹೆಗಲಿಗೆ ಭಾರ ಹೊರುತ್ತಾರೆ ಎಂಬುದೆಲ್ಲ ಪೆನ್ಸಿಲಿನಲ್ಲಿದೆ. ಜಾತಕ ಬರೀತಿದ್ದೀಯಾ ಎಂದು ಡಾಕ್ಟರು ರೇಗಿಸುತ್ತಿದ್ದರಂತೆ.

ಆ ಜಾತಕವೇ ಈಗ ತ್ರಿವೇಣಿಗೆ ಬೇಕಾಗಿದೆ. ಅಜ್ಜಂಪುರದ ಈ ಹುಡುಗಿಗೆ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಪಿಎಚ್‌.ಡಿ. ಸೀಟು ಸಿಕ್ಕಿದೆ. ಕಸುಬಿಗೆ ತಕ್ಕಂತೆ ಮಂಡಿ ಹೇಗೆ ಸವೆಯುತ್ತದೆ ಎಂಬುದನ್ನು ಹಳೆಯ ಎಕ್ಸ್‌ರೇ ತೋರಿಸಿ ಕಂಪ್ಯೂಟರಿಗೆ ಕಲಿಸುವುದು ಅವಳ ಸಂಶೋಧನೆ. ಶನಿವಾರ ಸಂಜೆಯೊಳಗೆ ಇನ್ನೂರು ಜನರ ಒಪ್ಪಿಗೆ ಸಿಗದಿದ್ದರೆ ಆ ವಿಷಯವನ್ನೇ ಕೈಬಿಡಬೇಕೆಂದು ಗೈಡ್ ಹೇಳಿದ್ದಾರೆ. ಸಹಿ ಎಂದರೆ ಜಮೀನಿಗೇ ಕುತ್ತು ಬಂದೀತೆಂದು ಜನ ಹೆದರಿ ಅವಳನ್ನು ವಾಪಸ್ ಕಳಿಸಿದಾಗ, ಉಚ್ಚಂಗಮ್ಮ ತಾವೇ ಚೀಲ ಹೆಗಲಿಗೇರಿಸಿದರು.

ಇವತ್ತು ಶುಕ್ರವಾರ. ಸಂಜೆ ಐದರ ಹೊತ್ತಿಗೆ ಅವರು ಚೌಳಹಿರಿಯೂರಿನ ರಂಗಯ್ಯನವರ ಮನೆಯಲ್ಲಿದ್ದಾರೆ. ರಂಗಯ್ಯ ಪೆನ್ನು ಹಿಡಿದು ಸಿದ್ಧವಾಗಿದ್ದಾರೆ. ಉಚ್ಚಂಗಮ್ಮ ಫಿಲಂ ಅನ್ನು ಬೆಳಕಿಗೆ ಹಿಡಿಯುತ್ತಾರೆ. ಮಂಡಿಯ ಕೆಳಗೆ ಮೂಳೆ ಮುರಿದು ಕೂಡಿದ ಗುರುತಿದೆ. ಕಾಲು ಯಾವಾಗಲಾದರೂ ಮುರಿದಿತ್ತೇ ಎಂದು ಕೇಳುತ್ತಾರೆ. ಇಲ್ಲವೇ ಇಲ್ಲ ಎನ್ನುತ್ತಾರೆ ರಂಗಯ್ಯ. ಇದುವರೆಗಿನ ಪ್ರತಿ ಫಿಲಂ ಅನ್ನೂ ಉಚ್ಚಂಗಮ್ಮ ಹೀಗೇ ಕೇಳಿ ತಾಳೆ ನೋಡಿದ್ದಾರೆ, ಒಂದೂ ತಪ್ಪಿರಲಿಲ್ಲ. ಕರೆಂಟು ಹೋದ ಯಾವುದೋ ದಿನ ಬೇರೆ ಯಾರದೋ ಒಣಗಿದ ಫಿಲಂ ಅನ್ನು ತಾವೇ ರಂಗಯ್ಯನವರ ಕವರಿಗೆ ಹಾಕಿರಬೇಕು. ಉಚ್ಚಂಗಮ್ಮನ ಮುಖ ಸಣ್ಣದಾಗುತ್ತದೆ.

"ಸಹಿ ಹಾಕ್ಬಿಡ್ತೀನಿ ತಗಳಕ್ಕಾ, ಒಂದೇ ಅಲ್ವಾ ಉಳ್ದಿರೋದು. ಯಾರಿಗ್ ಗೊತ್ತಾಗುತ್ತೆ?" ಎನ್ನುತ್ತಾರೆ ರಂಗಯ್ಯ.

ಉಚ್ಚಂಗಮ್ಮ ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸುತ್ತಾರೆ.

"ನಂಗೆ ಗೊತ್ತಾಯ್ತಲ್ಲ ರಂಗಯ್ಯಣ್ಣ, ತೊಳ್ದೋಳು ನಾನು. ನಾಳೆ ಮೊದಲ್ನೇ ಬಸ್ಸಿಗೆ ಇನ್ನೊಂದೂರಿಗೆ ಹೋಗ್ತೀನಿ."