ತಿಕೋಟಾದ ಆಯಿ ಕೊಟ್ಟ ತೊಗಟೆ

ಐದು ತಿಂಗಳಾದರೂ ನನ್ನ ಗಾಜಿನ ತಟ್ಟೆಗಳಲ್ಲಿ ಏನೂ ಕಾಣಿಸಿರಲಿಲ್ಲ. ಆಗ ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತ, ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಘಟ್ಟದ ದಟ್ಟ ಕಾಡಿನಿಂದ ಬರುವ ಒಂದು ತೊಗಟೆಗೆ ಕೀವಿನ ರೋಗಾಣುಗಳನ್ನು ಕೊಲ್ಲುವ ಶಕ್ತಿ ಇದೆಯೇ ಎಂಬುದು ವಿಷಯ. ನಾನೇ ಹಟ ಹಿಡಿದು ಆರಿಸಿಕೊಂಡದ್ದು.

ಆ ತೊಗಟೆಯನ್ನು ಚಿಕ್ಕಂದಿನಲ್ಲಿ ಕಂಡಿದ್ದೆ. ಬಬಲೇಶ್ವರದ ನಮ್ಮ ಹೊಲದಲ್ಲಿ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದರು. ಒಂದು ವರ್ಷ ಅಪ್ಪನ ಹಿಮ್ಮಡಿ ಗಾಯವಾಗಿ ಕೀವು ತುಂಬಿತು. ಕುರಿಗಳ ಜೊತೆ ಬಂದಿದ್ದ ಹೆಂಗಸು ಘಟ್ಟದ್ದೆಂದು ಹೇಳಿ ಕೆಂಪು ತೊಗಟೆ ಕುದಿಸಿ, ಆ ನೀರಿನಿಂದ ಒಂದು ವಾರ ಗಾಯ ತೊಳೆದಳು. ಗಾಯ ಒಣಗಿತು.

ನಾನು ಸ್ಟೇಷನ್ ರಸ್ತೆಯ ಗಿಡಮೂಲಿಕೆ ಅಂಗಡಿಯಲ್ಲಿ ಕೆಂಪು ತೊಗಟೆ ಕೇಳಿದೆ, ಕೊಟ್ಟರು. ಇಬ್ರಾಹಿಂಪುರದ ನನ್ನ ಮನೆಯ ಮಾಳಿಗೆಯ ಮೇಲೆ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಹಾಕಿದೆ. ಆ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ರೋಗಾಣು ಸವರಿದ ತಟ್ಟೆಯ ಮೇಲಿಟ್ಟು ಒಂದು ದಿನ ಕಾಯಬೇಕು. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ನನ್ನ ತಟ್ಟೆಗಳಲ್ಲಿ ರೋಗಾಣುಗಳು ಬಿಲ್ಲೆಯ ಅಂಚಿನವರೆಗೂ ಆರಾಮಾಗಿ ಬೆಳೆದಿರುತ್ತಿದ್ದವು. ಮೊದಲು ತಟ್ಟೆಗಳನ್ನು ಬೆಚ್ಚಗಿಡುವ ಯಂತ್ರದ ಮೇಲೆ ಅನುಮಾನ ಬಂತು, ಆಮೇಲೆ ನನ್ನ ಕೈಯ ಮೇಲೆ. ತರಗತಿಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದೆ.

ಕೊನೆಗೆ ಆ ಹೆಂಗಸನ್ನೇ ಹುಡುಕಿಕೊಂಡು ಹೋದೆ. ತಿಕೋಟಾದ ಹೊರಗೆ ಮಗನ ಮನೆಯಲ್ಲಿದ್ದಳು, ಮುದುಕಿಯಾಗಿದ್ದಳು; ಈಗ ಎಲ್ಲರಿಗೂ ಆಯಿ, ಅಂದರೆ ಅಜ್ಜಿ. ನಾನು ಒಯ್ದಿದ್ದ ತುಂಡನ್ನು ಬಾಯಲ್ಲಿಟ್ಟು ಕಡಿದು, ಉಗುಳಿದಳು.

“ಇದಲ್ಲ ತಂಗಿ. ನಮ್ಮದು ಬಾಯಾಗ ಇಟ್ಟರ ನಾಲಗಿಗೆ ಜೋಮು ಹಿಡೀತೈತಿ.”

ಐದು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು. ಅವಳು ಒಳಗಿನಿಂದ ಅರಿವೆಯ ಗಂಟು ತಂದು ಬಿಚ್ಚಿದಳು. ಅಂಗೈಯಷ್ಟು ತೊಗಟೆ ಉಳಿದಿತ್ತು. ಘಟ್ಟದ ಕಡೆಯ ಒಬ್ಬ ಮುದುಕ ವರ್ಷಕ್ಕೊಮ್ಮೆ ತಂದು ಮಾರುತ್ತಿದ್ದನಂತೆ. ಕೆಲವು ವರ್ಷಗಳಿಂದ ಬಂದಿಲ್ಲ. ಯಾವ ಮರದ್ದೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಅರ್ಧ ಮುರಿದು ನನಗೆ ಕೊಟ್ಟಳು.

ಅದು ಒಂದೇ ಸಲದ ಪರೀಕ್ಷೆಗೆ ಸಾಕಾಯಿತು. ಮರುದಿನ ತಟ್ಟೆ ತೆಗೆದು ನೋಡಿದರೆ ಬಿಲ್ಲೆಗಳ ಸುತ್ತ ಉಂಗುರಗಳಿದ್ದವು. ಬರಿಯ ಸ್ಪಿರಿಟ್ ಹಾಕಿದ ಬಿಲ್ಲೆಗೆ ಇರಲಿಲ್ಲ. ಅವಸರದಲ್ಲಿ ತೆಗೆದ ಮೊದಲ ಫೋಟೋ ಅಲುಗಿ ಹೋಯಿತು.

ನನ್ನ ಗೈಡ್ ಫೋಟೋವನ್ನು ಬಹಳ ಹೊತ್ತು ನೋಡಿದರು. ಮೂರು ಸಲ ಹೀಗೇ ಬರಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ ಅಂದರು. ಮರದ ಹೆಸರೇನು ಎಂದೂ ಕೇಳಿದರು. ಸಸ್ಯಶಾಸ್ತ್ರದವರು ಎಲೆಯೋ ಹೂವೋ ಇಲ್ಲದೆ ತೊಗಟೆಯಷ್ಟೇ ನೋಡಿ ಹೇಳಲಾಗದು ಎಂದು ಕೈ ಚೆಲ್ಲಿದ್ದರು. ಗೈಡ್ ಹೇಳಿದ್ದು ಸರಿಯಾಗಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಶಿರಸಿಗೆ ಹೋದೆ, ಖಾನಾಪುರಕ್ಕೆ ಹೋದೆ. ಸಿಕ್ಕ ಸಿಕ್ಕ ಕೆಂಪು ತೊಗಟೆಯನ್ನೆಲ್ಲ ನಾಲಗೆಯ ಮೇಲಿಟ್ಟು ನೋಡಿದೆ. ಬಾಯಿ ಒಗರಾಯಿತು, ಜೋಮು ಹಿಡಿಯಲಿಲ್ಲ.

ಉಳಿದ ಅರ್ಧ ಕೇಳಲು ಮತ್ತೆ ತಿಕೋಟಾಕ್ಕೆ ಹೋದಾಗ ಆಯಿ ಟಗರಿನ ಕಾಲು ತೊಳೆಯುತ್ತಿದ್ದಳು. ಗೊರಸಿನ ಸಂದಿಯಲ್ಲಿ ಕೀವಾಗಿತ್ತು. ಬೋಗುಣಿಯಲ್ಲಿ ಅದೇ ತೊಗಟೆಯ ಕೆಂಪು ನೀರಿತ್ತು, ತೊಳೆದದ್ದು ಮಣ್ಣಿಗೆ ಹರಿಯುತ್ತಿತ್ತು. ಇದನ್ನು ಸಾಬೀತು ಮಾಡಿದರೆ ಎಷ್ಟೋ ಮಂದಿಗೆ ಉಪಯೋಗವಾಗುತ್ತದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಇದರಿಂದ ಗಾಯ ಮಾಯತೈತಿ ಅಂತ ನನಗ ಗೊತ್ತೈತಿ,” ಅಂದಳು. “ನಿನಗೂ ಈಗ ಗೊತ್ತಾಗೇತಿ. ಇನ್ನ ಯಾರಿಗೆ ತೋರಸಬೇಕು?”

“ಒಂದ ಟಗರಿನ ಸಲುವಾಗಿ ಎಲ್ಲಾ ಹಾಳ ಮಾಡಾಕತ್ತೀಯಲ್ಲ ಆಯಿ.”

ಆ ಮಾತು ಆಡಬಾರದಿತ್ತು. ಅವಳು ಟಗರಿನ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಉಳಿದ ನೀರನ್ನೂ ನಿಧಾನವಾಗಿ ಸುರಿದಳು. ಸೊಸೆ ತಂದ ಚಹಾ ಕುಡಿಯದೆ ನಾನು ಎದ್ದುಬಂದೆ. ಬಸ್ಸಿನಲ್ಲಿ ಕೂತವಳಿಗೆ ಎಲ್ಲರ ಮೇಲೂ ಸಿಟ್ಟು. ಆಯಿಯ ಮೇಲೆ, ಗೈಡ್ ಮೇಲೆ, ಮರದ ಹೆಸರು ಹೇಳದೆ ಹೋದ ಆ ಮಾರುವವನ ಮೇಲೆ. ಅಪ್ಪನ ಕಾಲು ತೊಳೆದವಳಿಗೆ ಹಾಗಂದೆನಲ್ಲ ಎಂಬುದು ಊರು ಮುಟ್ಟಿದ ಮೇಲೆ ಹೊಳೆಯಿತು.

ಈಗ ಆ ತೊಗಟೆ ಬಿಟ್ಟು, ಹೆಸರಿರುವ, ಎಲ್ಲರಿಗೂ ಗೊತ್ತಿರುವ ಒಂದು ಎಲೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಮೂರು ಸಲವೂ ಉಂಗುರ ಮೂಡುತ್ತದೆ. ಅದರ ಬಗ್ಗೆ ಎಷ್ಟೋ ಜನ ಬರೆದಾಗಿದೆ, ನಾನೂ ಬರೆಯುತ್ತಿದ್ದೇನೆ. ಗೈಡ್‌ಗೆ ಸಮಾಧಾನವಾಗಿದೆ. ತಿಕೋಟಾಕ್ಕೆ ಇನ್ನೂ ಹೋಗಲಾಗಿಲ್ಲ.