ಶಕ್ತಿ ಕಡಿಮೆ ಮಾಡುವ ಗುಳಿಗೆ

ವಿಜಯಪುರದ ಡಾಕ್ಟರು ನನ್ನ ಹೆಂಡತಿಯ ರಕ್ತದ ವರದಿ ನೋಡಿ, ಇದು ಆಟೋಇಮ್ಯೂನ್ ಕಾಯಿಲೆ ಎಂದರು. ಲೂಪಸ್ ಎಂಬುದು ಅದರ ಹೆಸರು, ಆಟೋಇಮ್ಯೂನ್ ಎಂಬುದು ಅದರ ಜಾತಿ. ನನಗೆ ಅರ್ಥವಾಗಲಿಲ್ಲ ಎಂಬುದು ಅವರಿಗೆ ತಿಳಿಯಿತು. ಹೊರಗಿನಿಂದ ಬರುವ ರೋಗಾಣುಗಳನ್ನು ಕೊಲ್ಲಲೆಂದು ಮೈಯೊಳಗೆ ಒಂದು ಕಾವಲು ಇರುತ್ತದೆ, ಇವರಲ್ಲಿ ಆ ಕಾವಲಿಗೆ ತನ್ನವರ ಗುರುತೇ ತಪ್ಪಿದೆ, ಮೊದಲು ಕೀಲು, ಚರ್ಮ, ಈಗ ಮೂತ್ರಪಿಂಡ, ಎಲ್ಲವನ್ನೂ ಹೊರಗಿನವು ಎಂದುಕೊಂಡು ಹೊಡೆಯುತ್ತಿದೆ ಎಂದು ನಿಧಾನವಾಗಿ ಹೇಳಿದರು. ಅದಕ್ಕೇ ಕಾವಲಿನ ಕೈ ಸ್ವಲ್ಪ ಕಟ್ಟಿಹಾಕುವ ಗುಳಿಗೆ ಕೊಡುತ್ತೇನೆ ಎಂದರು. ಹೆಂಡತಿ ಕೇಳಿದ್ದು ಒಂದೇ, ತಾನು ಏನು ತಪ್ಪು ಮಾಡಿದೆ ಎಂದು. ಏನೂ ಇಲ್ಲಮ್ಮ ಎಂದರು.

ಇಂಡಿಗೆ ಮರಳಿದ ಮೇಲೆ ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳುವ ಕೆಲಸ ನನ್ನದಾಯಿತು. ನಾನು ಓದಿದ್ದು ಹತ್ತನೆಯ ತನಕ, ನೋಡಿಕೊಳ್ಳುವುದು ಲಿಂಬೆ ತೋಟ. ಎಷ್ಟು ಹೇಳಿದರೂ ಜನ ಹಿಡಿದುಕೊಳ್ಳುತ್ತಿದ್ದುದು ಆಟೋಇಮ್ಯೂನ್ ಎಂಬ ಶಬ್ದದ ಕೊನೆಯ ಅರ್ಧವನ್ನೇ. ಕೊರೊನಾ ಕಾಲದಿಂದ ಇಮ್ಯೂನಿಟಿ, ಅಂದರೆ ರೋಗ ತಡೆಯುವ ಶಕ್ತಿ, ಎನ್ನುವುದು ಎಲ್ಲರ ಬಾಯಲ್ಲೂ ಇತ್ತು. ಅದು ಕಡಿಮೆ ಇರುತ್ತದೆ, ಹೆಚ್ಚಿಸಿಕೊಳ್ಳಬೇಕು, ಅಷ್ಟೇ. ಸಿಂದಗಿಯಿಂದ ನೋಡಲು ಬಂದ ನನ್ನ ಕಾಕಾ, “ಲಿಂಬಿ ತ್ವಾಟ ಇಟ್ಕೊಂಡು ಹೆಂಡ್ತಿಗಿ ಶಕ್ತಿ ಇಲ್ಲಂತಿಯಲ್ಲೋ. ಎಲ್ಲಾ ಮಾರಬ್ಯಾಡ, ಒಂದೀಟು ಮನ್ಯಾಗೂ ಹಿಂಡು” ಎಂದರು. ಅವಳು ನಕ್ಕಳು. ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ ಎಂದು ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅವಳಿಗೆ ಬಿಸಿಲು ತಾಗಬಾರದಿತ್ತು. ಗುಳಿಗೆಯಿಂದಾಗಿ ಸಣ್ಣ ನೆಗಡಿಯೂ ದೊಡ್ಡದಾಗಬಹುದಿತ್ತು, ಆದ್ದರಿಂದ ಜನರ ನಡುವೆಯೂ ಹೋಗುವಂತಿರಲಿಲ್ಲ. ನಮ್ಮ ಮನೆಯಲ್ಲಿ ಬಿಸಿಲು ಬಾರದ ಜಾಗವೆಂದರೆ ದೇವರಮನೆಯ ಪಕ್ಕದ ಕೋಣೆ. ಅದರ ಕಿಟಕಿಗೂ ಚಾದರ ಕಟ್ಟಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ತೋಟದಲ್ಲಿದ್ದಾಗಲೂ ನನಗೆ ಆ ಕೋಣೆಯಲ್ಲೇ ಇದ್ದಂತೆ ಅನಿಸುತ್ತಿತ್ತು.

ಆಷಾಢದಲ್ಲಿ ಅವಳ ತಾಯಿ ಬಸವನ ಬಾಗೇವಾಡಿಯಿಂದ ಬಂದರು. ಸಕ್ಕರೆ ಕಾಯಿಲೆ ಇದ್ದರೂ ಮಡಿ ಬಿಟ್ಟವರಲ್ಲ. ಬೆಳಿಗ್ಗೆ ಮಡಿಯಲ್ಲೇ ಅಮೃತಬಳ್ಳಿಯ ಕಷಾಯ ಕಾಸಿ, ಮಗಳನ್ನು ಮುಟ್ಟದೆ, ಬಟ್ಟಲನ್ನು ಅವಳ ಮುಂದೆ ಇಡುತ್ತಿದ್ದರು. ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಗುಳಿಗೆ ಕಾವಲನ್ನು ಹಿಂದಕ್ಕೆ ಎಳೆಯುತ್ತದೆ, ಆ ಬಳ್ಳಿ ಮುಂದಕ್ಕೆ ತಳ್ಳಬಹುದು, ನಿಲ್ಲಿಸಿ ಎಂದರು. ಹೆಂಡತಿಗೆ ಹೇಳಿದೆ.

“ಕುಡೀಲಿಲ್ಲಂದ್ರ ಅವ್ವ ಊಟ ಮಾಡೂದಿಲ್ರಿ” ಎಂದಳು.

ಚಾತುರ್ಮಾಸದಲ್ಲಿ ನಮ್ಮ ಮನೆಗಳಲ್ಲಿ ಒಂದು ತಿಂಗಳು ಕಾಯಿಪಲ್ಯ ಬಿಡುತ್ತಾರೆ, ಒಂದು ತಿಂಗಳು ಮೊಸರು. ಅತ್ತೆ ಈ ಸಲ ಅದರ ಜೊತೆಗೆ ಇನ್ನೊಂದು ನೇಮ ಹಿಡಿದಿದ್ದರು. ದಿನವೂ ಮಗಳು ಕಷಾಯ ಕುಡಿಯುವ ತನಕ ತಾವು ಅನ್ನ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದರು. ಕಾರ್ತಿಕದ ತನಕ ಅದನ್ನು ಬಿಡುವಂತಿಲ್ಲ.

ನಾನೇ ಹೋಗಿ ಅತ್ತೆಗೆ ಡಾಕ್ಟರ ಮಾತು ಹೇಳಿದೆ. ಅವರು ದನಿ ಏರಿಸಲಿಲ್ಲ. “ಶಕ್ತಿ ಇದ್ರ ಮನಷ್ಯಾ ಬದಕ್ತಾನ. ನಿಮ್ಮ ಡಾಕ್ಟರ್ ಇದ್ದ ಶಕ್ತಿ ಕಡಿಮಿ ಮಾಡೂ ಗುಳಿಗಿ ಕೊಟ್ಟಾನ, ನೀವು ಮುಂದ ನಿಂತು ನುಂಗಸ್ತೀರಿ. ನಾ ಏನ್ ವಿಷಾ ಕೊಡಾಕತ್ತೇನೇನ್ರಿ?”

ಅಂದು ಬಟ್ಟಲನ್ನು ನಾನು ಕೋಣೆಯಿಂದ ಹೊರಗೆ ತಂದಿಟ್ಟೆ. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿ ಕೂತರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವರ ಕೈ ನಡುಗತೊಡಗಿತು, ಹಣೆ ಬೆವರಿತು. ಒಂದಿಷ್ಟು ಸಕ್ಕರೆಯನ್ನಾದರೂ ಬಾಯಿಗೆ ಹಾಕಿಕೊಳ್ಳಿ ಎಂದೆ. ತಲೆ ಅಲ್ಲಾಡಿಸಿದರು. ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ನನ್ನ ಮುಖ ನೋಡದೆ ಬಟ್ಟಲೆತ್ತಿ ಕುಡಿದಳು. ಆಮೇಲೆ ತಾಯಿ ಉಂಡರು. ನನಗೆ ಅವರಿಬ್ಬರಲ್ಲಿ ಯಾರನ್ನು ತಡೆಯಬೇಕು ಎಂದು ತಿಳಿಯಲಿಲ್ಲ. ಅಂದಿನಿಂದ ಅವಳು ಗುಳಿಗೆಯನ್ನೂ ನುಂಗುತ್ತಿದ್ದಳು, ಕಷಾಯವನ್ನೂ ಒಂದು ಗುಟುಕು ಕುಡಿಯುತ್ತಿದ್ದಳು. ನನಗೂ ತಾಯಿಗೂ ಸಮಾಧಾನ ಆಗಲೆಂದು.

ದೀಪಾವಳಿಗೆ ಮೊದಲೇ ಅವಳ ಕಾಲು ಬಾತವು. ವಿಜಯಪುರಕ್ಕೆ ಕರೆದುಕೊಂಡು ಹೋದೆವು. ಮೂತ್ರಪಿಂಡ ನಿಂತಿತ್ತು. ಅವಳು ತಿರುಗಿ ಮನೆಗೆ ಬರಲಿಲ್ಲ.

ದಿನಕರ್ಮ ಮುಗಿದು ನೆಂಟರು ಹೋದರು. ಅತ್ತೆ ಹೋಗಲಿಲ್ಲ. ಒಂದು ಬೆಳಿಗ್ಗೆ ನಾನು ತೋಟಕ್ಕೆ ಹೊರಟಾಗ, ಆ ಕಾಯಿಲೆಯ ಶಬ್ದ ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಅರ್ಥವನ್ನೂ ಹೇಳಿದೆ. ಈ ಸಲ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

“ನನ್ನ ಕಷಾಯದಿಂದ ಆತೇನ್ರಿ?”

ಇದನ್ನು ನಾನೂ ಡಾಕ್ಟರಿಗೆ ಕೇಳಿದ್ದೆ. ಮೂತ್ರಪಿಂಡ ಮೊದಲೇ ಸೋತಿತ್ತು, ಕಾಯಿಲೆಯಿಂದ ಎಷ್ಟು, ಕಷಾಯದಿಂದ ಎಷ್ಟು ಎಂದು ಹೇಳಲು ಬರುವುದಿಲ್ಲ ಎಂದಿದ್ದರು. ಅತ್ತೆಗೂ ಅಷ್ಟನ್ನೇ ಹೇಳಿದೆ.

“ಹೊರಗಿಂದು ಏನೂ ಬಂದಿದ್ದಿಲ್ಲ ಅಂತೀರಿ,” ಎಂದರು. “ಹಂಗಾದ್ರ ನಾ ಯಾರ್ನ ಬೈಲಿ?”

ಬಾಗೇವಾಡಿಯಿಂದ ಅವರ ಮಗ ಕರೆಯಲು ಬಂದು ಬರಿಗೈಯಲ್ಲಿ ಹೋದ. ನಾನು ಅತ್ತೆಗೆ “ಹೋಗಿ” ಎಂದಿಲ್ಲ, “ಇರಿ” ಎಂದಿದ್ದೂ ಇಲ್ಲ. ಅವರು ಬಡಿಸುವ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಆದರೆ ಅವರು ಹೋದರೆ ಈ ಮನೆಯಲ್ಲಿ ಅವಳ ಮಾತೆತ್ತಲು ನನಗೆ ಯಾರೂ ಉಳಿಯುವುದಿಲ್ಲ.